ಹೆಬ್ಬೆಟ್ಟು ಒತ್ತುವ ಮುನ್ನ

ಯಾದಗಿರಿ, ಶಹಾಪುರ, ಸುರಪುರದ ಹಮಾಲಿ ಅಣ್ಣತಮ್ಮಂದಿರೇ, ಹತ್ತಿ ಜಿನ್ನು, ಅಕ್ಕಿ ಗಿರಣಿ, ಗೋದಾಮುಗಳಲ್ಲಿ ದುಡಿಯುವ ಅಕ್ಕತಂಗಿಯರೇ, ಊರು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದಿನ ಗೋದಾಮು ಸೇರಿದ ನಮ್ಮ ಹುಡುಗರೇ,

ನಾನು ಕೋರ್ಟಿನ ಎದುರಿಗೆ ಟೇಬಲ್ ಹಾಕಿಕೊಂಡು ಅರ್ಜಿ, ಅಫಿಡವಿಟ್, ಬಾಂಡು ಟೈಪ್ ಮಾಡಿ ಹೊಟ್ಟೆ ಹೊರೆಯುವವನು. ಮೊದಲು ಮಷಿನ್ ಕುಟ್ಟುತ್ತಿದ್ದೆ, ಈಗ ಕಂಪ್ಯೂಟರು. ವಕೀಲನಲ್ಲ. ಆದರೆ ಇಪ್ಪತ್ತೆರಡು ವರ್ಷ ವಕೀಲರು ಹೇಳಿದ್ದನ್ನು ಟೈಪ್ ಮಾಡಿ ಮಾಡಿ ಕೆಲವು ಕಾಯ್ದೆಯ ಕಲಮುಗಳು ಬಾಯಿಪಾಠವಾಗಿವೆ. ಇಂಥವನು ನಿಮಗೆಲ್ಲ ಪತ್ರ ಬರೆಯಲು ಕೂತಿರುವುದು ನನ್ನ ಕೈಯಿಂದಲೇ ಆದ ಒಂದು ಕಾಗದದ ದೆಸೆಯಿಂದ.

ಎರಡು ಸೀಸನ್ನಿನ ಹಿಂದೆ, ಹತ್ತಿಯ ಗಾಡಿಗಳು ಮಿಲ್ಲಿನ ಮುಂದೆ ಸಾಲುಗಟ್ಟಿ ನಿಂತ ದಿನಗಳಲ್ಲಿ, ಒಬ್ಬ ಹಮಾಲಿಯನ್ನು ಆಟೋದಲ್ಲಿ ನನ್ನ ಟೇಬಲ್ಲಿಗೆ ಕರೆತಂದರು. ಸುರಪುರದ ಕಡೆಯ ಹಳ್ಳಿಯವನು, ನಲವತ್ತು ವರ್ಷ. ಎಡಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರು. ಹೊರಗೆ ಕಾಣುತ್ತಿದ್ದ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಜೊತೆಗೆ ಅವನ ಗ್ಯಾಂಗಿನ ಮುಕಾದಮ, ಮಿಲ್ಲಿನ ಗುಮಾಸ್ತ. ಗುಮಾಸ್ತನ ಕೈಯಲ್ಲಿ 100 ರೂಪಾಯಿಯ ಸ್ಟಾಂಪ್ ಪೇಪರು ತಯಾರಿತ್ತು. "ರಾಜಿ ಪತ್ರ ಹೊಡೀರಿ, ಲಗೂನ ಹೋಗಬೇಕು" ಅಂದ. ಇಂಥವು ನನಗೆ ಹೊಸದಲ್ಲ. 25,000 ರೂಪಾಯಿ ಮುಟ್ಟಿದೆ, ಇನ್ನು ಮುಂದೆ ಯಾವ ಕೋರ್ಟು ಕಚೇರಿಯಲ್ಲೂ ತಂಟೆ ತಕರಾರು ಮಾಡುವುದಿಲ್ಲ, ಸ್ವಖುಷಿಯಿಂದ ಬರೆದುಕೊಟ್ಟದ್ದು. ಹತ್ತು ನಿಮಿಷದಲ್ಲಿ ಮುಗಿಯಿತು.

ಹೆಬ್ಬೆಟ್ಟು ಒತ್ತಿಸುವಾಗ ಮಾತ್ರ ತಡವಾಯಿತು. ಇಂಕಿನ ಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದರೆ ಬರೀ ನೀಲಿ ಮಚ್ಚೆ, ಗೆರೆಯೇ ಇಲ್ಲ. ಇಪ್ಪತ್ತು ವರ್ಷ ಗೋಣಿಚೀಲ ಎಳೆದ ಬೆರಳು, ಸವೆದು ನುಣ್ಣಗಾಗಿತ್ತು. ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿಸಿ, ಮೂರನೇ ಸಲಕ್ಕೆ ಒಂದೆರಡು ಗೆರೆ ಕಂಡವು. "ರೇಷನ್ ಅಂಗಡ್ಯಾಗೂ ಹಿಂಗ ಮಾಡತೈತ್ರಿ, ತಗೊಳ್ಳಂಗಿಲ್ಲ ನನ್ನ ಬಟ್ಟ" ಅಂತ ಅವನೇ ನಕ್ಕ. ನಾನು 150 ರೂಪಾಯಿ ತೆಗೆದುಕೊಂಡೆ.

ಆಮೇಲೆ ಒಂದು ದಿನ ಒಬ್ಬ ವಕೀಲರ ಅರ್ಜಿ ಟೈಪ್ ಮಾಡುತ್ತಿದ್ದಾಗ 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಕೊನೆಗಿರುವ ಅನುಸೂಚಿ ಕಣ್ಣಿಗೆ ಬಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅಂತ ಅಲ್ಲಿ ಪಟ್ಟಿ ಇದೆ. ಒಂದು ಕೈ ಹೋದರೆ 60. ಇನ್ನೊಂದು ಸರಿಯಿದ್ದು ಒಂದು ಕಣ್ಣು ಹೋದರೆ 40. ಹೆಬ್ಬೆರಳು ಹೋದರೆ 30. ಕೂತು ಲೆಕ್ಕ ಹಾಕಿದೆ. ಮೂವತ್ತು ವರ್ಷದವನು, ತಿಂಗಳಿಗೆ 15,000 ದುಡಿಯುವವನು, ಕೆಲಸದ ಮೇಲೆ ಹೆಬ್ಬೆರಳು ಕಳೆದುಕೊಂಡರೆ ಅವನಿಗೆ ಬರಬೇಕಾದದ್ದು 5,61,546 ರೂಪಾಯಿ. ನಾನು ಇಷ್ಟು ವರ್ಷ ನೀಲಿ ಇಂಕಿಗೆ ಅದ್ದಿ ಅದ್ದಿ ಒತ್ತಿಸಿಕೊಂಡ ಹೆಬ್ಬೆರಳಿನ ಬೆಲೆ ಅದು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಲೆಕ್ಕ ಹೇಗೆ ಅಂತ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಕಾಯಂ ಆಗಿ ಪೂರ್ತಿ ದುಡಿಯಲಾರದ ಹಾಗಾದರೆ ತಿಂಗಳ ಪಗಾರದ ನೂರಕ್ಕೆ 60, ಸತ್ತರೆ ನೂರಕ್ಕೆ 50. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಆ ಅಂಕಿ ಕಾಯ್ದೆಯಲ್ಲೇ ಅಚ್ಚಾಗಿದೆ: ಮೂವತ್ತಕ್ಕೆ 207.98, ನಲವತ್ತಕ್ಕೆ 184.17, ಐವತ್ತಕ್ಕೆ 153.09. ವಯಸ್ಸು ಚಿಕ್ಕದಿದ್ದಷ್ಟೂ ಅಂಕಿ ದೊಡ್ಡದು, ಯಾಕೆಂದರೆ ಮುಂದೆ ದುಡಿಯಬೇಕಾದ ವರ್ಷ ಹೆಚ್ಚು. ಪಗಾರ ಎಷ್ಟೇ ಇರಲಿ, 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಅದಕ್ಕೂ ಮೊದಲು 8,000 ಇತ್ತು. ನನ್ನ ಟೇಬಲ್ಲಿಗೆ ಬಂದ ಹಮಾಲಿಯ ಲೆಕ್ಕ ಹಾಕಿ ನೋಡಿ. 15,000ದ ನೂರಕ್ಕೆ 60 ಅಂದರೆ 9,000, ಅದಕ್ಕೆ 184.17ರ ಗುಣಾಕಾರ: 16,57,530. ಕಾಲಿನಿಂದ ದುಡಿಮೆ ನೂರಕ್ಕೆ 40ರಷ್ಟೇ ಹೋಯಿತು ಅಂದುಕೊಂಡರೂ ಅದರ ನೂರಕ್ಕೆ 40, ಅಂದರೆ 6,63,012. ಅವನ ಕೈಗೆ ಬಂದದ್ದು 25,000. ಅದರಲ್ಲೂ ಮುಕಾದಮ ಹಳೇ ಉಚಾಪತಿಯ ಬಾಕಿ ಅಂತ 7,000 ಮುರಿದುಕೊಂಡಿದ್ದ.

ಆ 7,000 ಮುರಿದದ್ದೂ ಕಾನೂನಿಗೆ ಒಪ್ಪದ ಕೆಲಸ. ಪರಿಹಾರದ ದುಡ್ಡನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ, ಬೇರೆಯವರ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ, ಬಾಕಿಗೆ ವಜಾ ಹಾಕುವಂತಿಲ್ಲ ಅಂತ 1923ರ ಕಾಯ್ದೆಯ 9ನೇ ಕಲಮು ಹೇಳಿದೆ. ಸೀಸನ್ನಿಗೆ ಮೊದಲೇ ಮುಂಗಡ ಹಿಡಿದು ದುಡಿಯುವ ನಮ್ಮ ಸೀಮೆಯ ಜನಕ್ಕೆ ಇದಕ್ಕಿಂತ ದೊಡ್ಡ ಮಾತು ಆ ಕಾಯ್ದೆಯಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನು ನಾನು ಟೈಪ್ ಮಾಡಿದ ಆ ರಾಜಿ ಪತ್ರ. ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರೂ ನಡೆಯುವುದಿಲ್ಲ ಅಂತ 17ನೇ ಕಲಮು. ಇಬ್ಬರೂ ಒಪ್ಪಿ ಇಡಿಗಂಟು ಗೊತ್ತು ಮಾಡಿಕೊಂಡರೂ ಅದನ್ನು ಪರಿಹಾರದ ಅರ್ಜಿ ತೀರ್ಮಾನಿಸುವ ಆಯುಕ್ತರ ಮುಂದಿಟ್ಟು ನೋಂದಾಯಿಸಬೇಕು. ಮೊತ್ತ ತೀರಾ ಕಮ್ಮಿ ಅನ್ನಿಸಿದರೆ ಅವರು ಬೇಡವೆನ್ನಬಹುದು. ನೋಂದಾಯಿಸದೆ ಹೋದರೆ ಮಾಲೀಕ ಪೂರ್ತಿ ಪರಿಹಾರಕ್ಕೆ ಬಾಧ್ಯಸ್ಥನಾಗಿಯೇ ಉಳಿಯುತ್ತಾನೆ. ಸಾವಿನ ಪರಿಹಾರವಂತೂ ಮಾಲೀಕ ನೇರವಾಗಿ ಮನೆಯವರ ಕೈಗೆ ಕೊಡುವಂತೆಯೇ ಇಲ್ಲ, ಆಯುಕ್ತರಲ್ಲಿ ಜಮಾ ಮಾಡಬೇಕು. ಅಂದರೆ ಸ್ಟಾಂಪ್ ಪೇಪರಿನ ಮೇಲೆ ನೀವು ಒತ್ತಿದ ಹೆಬ್ಬೆಟ್ಟಿನಿಂದ ಹಕ್ಕು ಹೋಗಲಿಲ್ಲ. ಹೋಗಿದೆ ಅಂತ ನಿಮ್ಮನ್ನು ನಂಬಿಸುವುದಕ್ಕೆ ಆ ಕಾಗದ. ಅದನ್ನು ನಂಬಿ ಎರಡು ವರ್ಷ ಸುಮ್ಮನೆ ಕೂತಿರಿ ಅಂದರೆ ಆಗ ನಿಜವಾಗಿಯೂ ಹೋಯಿತು, ಯಾಕೆಂದರೆ ಪೆಟ್ಟಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಾ ಮಾಡಬಹುದು. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಫೋರ್ಕ್‌ಲಿಫ್ಟಿನ ಮಾತಿಗೆ ಬರುತ್ತೇನೆ. ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಕಡೆ ಅದನ್ನು ಕಂಡವರು ಕಡಿಮೆ. 170 ಕಿಲೋದ ಹತ್ತಿ ಬೇಲನ್ನು ಕೊಕ್ಕೆ ಹಾಕಿ ನಾಲ್ಕು ಜನ ಉರುಳಿಸಿ ಒಯ್ಯುತ್ತಿದ್ದರು, ಬೆನ್ನು ಹೋಗುತ್ತಿತ್ತು, ಸೊಂಟ ಹೋಗುತ್ತಿತ್ತು. ಈಗ ಕೊಂಬಿನ ಗಾಡಿ ಎರಡು ಬೇಲು ಒಟ್ಟಿಗೆ ಎತ್ತಿ ಥಪ್ಪಿಯ ಮೇಲೆ ಇಡುತ್ತದೆ. ಬೆನ್ನು ಉಳಿಯಿತು, ಪಾದ ಹೋಗತೊಡಗಿತು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ, ರಾಸಾಯನಿಕ ಕಾರ್ಖಾನೆಗಳಲ್ಲಿ ಡ್ರಮ್ಮು, ಪ್ಯಾಲೆಟ್ಟು ಎತ್ತುವ ಕೆಲಸವೂ ಇದೇ ಗಾಡಿಯದು.

ಆ ಗಾಡಿಯ ಗುಣವನ್ನು ಒಬ್ಬ ಮೆಕ್ಯಾನಿಕ್ ನನಗೆ ಚಹಾದ ಲೋಟ, ಬೆಂಕಿಪೊಟ್ಟಣ ಇಟ್ಟುಕೊಂಡು ತೋರಿಸಿಕೊಟ್ಟ. ಕಾರು, ಟ್ರ್ಯಾಕ್ಟರು ತಿರುಗುವುದು ಮುಂದಿನ ಗಾಲಿಯಿಂದ. ಫೋರ್ಕ್‌ಲಿಫ್ಟು ತಿರುಗುವುದು ಹಿಂದಿನ ಗಾಲಿಯಿಂದ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಡೆಯುವವನು ಕೊಂಬಿನ ಮೇಲೆ ಕಣ್ಣಿಟ್ಟಿರುತ್ತಾನೆ, ಬಾಲ ಬಂದು ಅವನ ಕಾಲು ಹಿಡಿಯುತ್ತದೆ. ಮೂರು ಟನ್ ಎತ್ತುವ ಗಾಡಿಯ ಮೈತೂಕವೇ 4 ಟನ್ನಿಗೆ ಮೇಲೆ. ಮುಂದಿನ ಭಾರಕ್ಕೆ ಗಾಡಿ ಮೂಗು ಮುಗ್ಗರಿಸಬಾರದು ಅಂತ ಹಿಂದೆ ಎರಕದ ಕಬ್ಬಿಣ ಕೂರಿಸಿರುತ್ತಾರೆ. ಮುಂದೆ ಎರಡು ಬೇಲು ಎತ್ತಿದರೆ ಚಾಲಕನಿಗೆ ದಾರಿಯೇ ಕಾಣುವುದಿಲ್ಲ. ಹಾಗೆ ಕಾಣದಾಗ ಗಾಡಿಯನ್ನು ಹಿಂದಕ್ಕೆ ಓಡಿಸಬೇಕು ಅನ್ನುವುದು ಆ ವಿದ್ಯೆಯ ಮೊದಲ ಪಾಠ. ಸೀಸನ್ನಿನ ರಾತ್ರಿ ಪಾಳಿಗೆ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗನನ್ನು ತಂದು ಕೂರಿಸಿದರೆ ಆ ಪಾಠ ಅವನಿಗೆ ಯಾರು ಹೇಳಿದ್ದಾರೆ? ನಮ್ಮ ಹಮಾಲಿಯ ಕಾಲು ಹೋದದ್ದು ಹೀಗೆಯೇ. ರಾತ್ರಿ ಎರಡು ಗಂಟೆ, ಒಂದೇ ಬಲ್ಬು, ಗಾಡಿ ತಿರುಗಿತು, ಅವನು "ಏ ಏ" ಅನ್ನುವಷ್ಟರಲ್ಲಿ ಗಾಲಿ ಪಾದದ ಮೇಲೆ.

"ಹುಡುಗ ಓಡಿಸ್ಯಾನ, ನಾನೇನು ಮಾಡಲಿ" ಅಂತ ಮಾಲೀಕ ಹೇಳುವ ಮಾತು ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಒಬ್ಬ ಕಟುಕನ ಆಳು ಹೇರು ಹೆಚ್ಚಾದ ಗಾಡಿ ಮುರಿದು ತೊಡೆ ಮುರಿದುಕೊಂಡ. ಅವನು ಹಾಕಿದ ದಾವೆಯಲ್ಲಿ 1837ರಲ್ಲಿ ನ್ಯಾಯಾಧೀಶರು ಅವನ ಕೈ ಬಿಟ್ಟರು. ಜೊತೆಯ ಆಳಿನ ತಪ್ಪಿಗೆ ಒಡೆಯ ಹೊಣೆಯಲ್ಲ ಅನ್ನುವ ನ್ಯಾಯ ಅಲ್ಲಿಂದ ಹುಟ್ಟಿ ಬಹಳ ವರ್ಷ ಬಾಳಿತು. ಅದನ್ನು ಮುರಿಯಲೆಂದೇ ಕೆಲಸಗಾರರ ಪರಿಹಾರದ ಕಾಯ್ದೆಗಳು ಬಂದದ್ದು. 1884ರಲ್ಲಿ ಜರ್ಮನಿ ಅಪಘಾತ ವಿಮೆಯ ಕಾಯ್ದೆ ಮಾಡಿತು. ಅದೇ 1884ರಲ್ಲಿ ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರ ಸಭೆ ಸೇರಿಸಿ, ಸುಮಾರು 5,500 ಜನರ ಸಹಿಯ ಮನವಿ ಕೊಡಿಸಿದರು. ಭಾನುವಾರದ ರಜೆಯ ಜೊತೆಗೆ ಅದರಲ್ಲಿದ್ದ ಇನ್ನೊಂದು ಬೇಡಿಕೆ: ಕೆಲಸದ ಮೇಲೆ ಪೆಟ್ಟಾದವನಿಗೆ ವಾಸಿಯಾಗುವ ತನಕ ಪೂರ್ತಿ ಪಗಾರ, ಕಾಯಂ ಊನವಾದರೆ ಬದುಕಿಗೊಂದು ದಾರಿ. ಸಹಿ ಹಾಕಿದವರಲ್ಲಿ ಎಷ್ಟು ಜನರದ್ದು ಸವೆದ ಹೆಬ್ಬೆಟ್ಟೋ. ಕಾಯ್ದೆ ಬರಲು ಅಲ್ಲಿಂದ ಮೂವತ್ತೊಂಬತ್ತು ವರ್ಷ ಹಿಡಿಯಿತು.

1923ರ ಆ ಕಾಯ್ದೆಯ ತಿರುಳು ಇಷ್ಟು: ತಪ್ಪು ಯಾರದೆಂದು ಕೇಳುವುದಿಲ್ಲ. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತೇ, ಮಾಲೀಕ ಕೊಡಬೇಕು. ಚಾಲಕನ ತಪ್ಪಿದ್ದರೂ ಕೊಡಬೇಕು, ನಿಮ್ಮದೇ ಮೈಮರೆವಿದ್ದರೂ ಕೊಡಬೇಕು. ಕುಡಿದದ್ದರಿಂದಲೇ ಪೆಟ್ಟಾಯಿತು, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ ಅಂತ ಅವರು ರುಜುವಾತು ಮಾಡಿದರೆ ತಪ್ಪಿಸಿಕೊಳ್ಳಬಹುದು. ಆದರೆ ಸಾವಾದರೆ ಅಥವಾ ಕಾಯಂ ಪೂರ್ತಿ ಊನವಾದರೆ ಆ ನೆಪವೂ ನಡೆಯುವುದಿಲ್ಲ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೊಸದು ಬಂತು, ಹಳೇದು ಸತ್ತಿತು, ನಿಮ್ಮ ಹಕ್ಕೂ ಹೋಯಿತು ಅಂತ ಯಾರಾದರೂ ಅಂದರೆ ನಂಬಬೇಡಿ. ಅದಕ್ಕೂ ಹಿಂದಿನ ಪೆಟ್ಟಿಗೆ ಹಳೇ ಕಾಯ್ದೆಯೇ ನಡೆಯುತ್ತದೆ. ಆಮೇಲಿನದಕ್ಕೆ ಸಂಹಿತೆ, ಅದರಲ್ಲೂ ಲೆಕ್ಕದ ಬಗೆ ಇದೇ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿಬರುವಾಗ ಆದ ಅಪಘಾತವನ್ನೂ ಕೆಲಸಕ್ಕೆ ಸಂಬಂಧವಿದ್ದರೆ ಲೆಕ್ಕಕ್ಕೆ ಹಿಡಿಯುತ್ತಾರೆ. ಟಂಟಂನಲ್ಲಿ ಇಪ್ಪತ್ತು ಜನ ಜೋತುಬಿದ್ದು ಪಾಳಿಗೆ ಹೋಗುವವರು ಇದನ್ನು ನೆನಪಿಡಿ.

ನಿಮ್ಮಲ್ಲಿ ಹೆಚ್ಚಿನವರು ಕೇಳುವ ಮಾತು ನನಗೆ ಗೊತ್ತು: "ನಮ್ದು ಹಾಜರಿ ಪುಸ್ತಕಾನೇ ಇಲ್ಲ, ನಾವು ಮಿಲ್ಲಿನ ಆಳ ಅಲ್ಲ, ಮುಕಾದಮನ ಗ್ಯಾಂಗಿನವರು. ನಮಗೆಲ್ಲಿ ಕಾಯ್ದೆ?" ದಿನಗೂಲಿಯವರನ್ನು ಹೊರಗಿಡಲು ಬಳಸುತ್ತಿದ್ದ ಮಾತುಗಳನ್ನು 2000ದ ಇಸವಿಯ ತಿದ್ದುಪಡಿಯಲ್ಲೇ ಕಿತ್ತುಹಾಕಿದ್ದಾರೆ. ಗುತ್ತಿಗೆದಾರನ ಕೈಕೆಳಗೆ ದುಡಿದರೂ ಯಾರ ವ್ಯವಹಾರಕ್ಕಾಗಿ, ಯಾರ ಜಾಗದಲ್ಲಿ ದುಡಿದಿರೋ ಆ ಮೂಲ ಮಾಲೀಕನೇ ಪರಿಹಾರ ಕೊಡಬೇಕು. ಆಮೇಲೆ ಬೇಕಾದರೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಮುಕಾದಮ ನಿಮ್ಮನ್ನು ಒಂದು ರಾತ್ರಿಗೆ ಇನ್ನೊಂದು ಮಿಲ್ಲಿಗೆ ಕಳಿಸಿದ್ದರೂ ಆ ರಾತ್ರಿಯ ಮಟ್ಟಿಗೆ ಆ ಮಿಲ್ಲಿನವನೇ ಮಾಲೀಕ. ಪುಸ್ತಕವಿಲ್ಲ ಅನ್ನುವುದು ನಿಜ. ಆದರೆ ಈಗ ಎಲ್ಲರ ಜೇಬಿನಲ್ಲೂ ಒಂದು ಪುಸ್ತಕ ಇದೆ. ಶನಿವಾರದ ಹಪ್ತಾ ಫೋನ್‌ಪೇಯಲ್ಲಿ ಬಂದಿರುತ್ತದೆ, ಯಾರ ಹೆಸರಿನಿಂದ ಅಂತ ಅಲ್ಲಿ ಕಾಣುತ್ತದೆ. "ನಾಳಿ ನಾಕು ಮಂದಿ ಬರ್ರಿ, ಲಾರಿ ಎರಡು ಅದಾವ" ಅಂತ ಮುಕಾದಮ ವಾಟ್ಸಾಪಿನಲ್ಲಿ ಧ್ವನಿ ಕಳಿಸಿರುತ್ತಾನೆ. ಅಳಿಸಬೇಡಿ. ಮೆಮೊರಿ ತುಂಬಿತು ಅಂತ ಜಾತ್ರೆಯ ಪೋಟೋ ಉಳಿಸಿಕೊಂಡು ಇದನ್ನು ಅಳಿಸುವವರನ್ನು ನೋಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಹೊಡೆತ ಬೀಳುವುದು ದವಾಖಾನೆಯಲ್ಲಿ. ಪೆಟ್ಟಾದವನನ್ನು ಮಾಲೀಕನೇ ಕಾರಿನಲ್ಲಿ ಹಾಕಿಕೊಂಡು ಹೋಗುತ್ತಾನೆ. ಒಳ್ಳೆಯದೇ, ಆ ಗಳಿಗೆಯಲ್ಲಿ ಜೀವ ಮುಖ್ಯ. ದಾರಿಯಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಬೈಕಿನಿಂದ ಬಿದ್ದೆ ಅಂತ ಹೇಳು. ಮಿಲ್ಲು ಅಂದ್ರ ಪೊಲೀಸ್ ಕೇಸ್ ಆಗತದ, ಡಾಕ್ಟ್ರು ಮುಟ್ಟಂಗಿಲ್ಲ." ನೋವಿನಲ್ಲಿರುವವನು ಹೂಂ ಅನ್ನುತ್ತಾನೆ. ಡಾಕ್ಟರು ಬರೆದುಕೊಳ್ಳುತ್ತಾರೆ: ಬೈಕಿನಿಂದ ಬಿದ್ದದ್ದು. ಮುಗಿಯಿತು. ವರ್ಷದ ಮೇಲೆ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಅದೊಂದೇ ಸಾಲನ್ನು ಓದುತ್ತಾರೆ. ನಮ್ಮ ಹಮಾಲಿಯ ಡಿಸ್ಚಾರ್ಜ್ ಕಾರ್ಡಿನಲ್ಲೂ ಇದ್ದದ್ದು ಅದೇ ಸಾಲು. ಅವನ ಹತ್ತಿರ ಬೈಕೇ ಇಲ್ಲ!

ಪೊಲೀಸ್ ಕೇಸಿಗೆ ಹೆದರಿ ಡಾಕ್ಟರು ಮುಟ್ಟುವುದಿಲ್ಲ ಅನ್ನುವುದು ಸುಳ್ಳು. ತುರ್ತು ಚಿಕಿತ್ಸೆ ಕೊಡಲೇಬೇಕು, ಎಂಎಲ್‌ಸಿ (ಪೊಲೀಸ್ ಕೇಸಿನ) ರಿಜಿಸ್ಟರಿನಲ್ಲಿ ಬರೆದು ಠಾಣೆಗೆ ತಿಳಿಸುವುದು ದವಾಖಾನೆಯ ಕೆಲಸ. ನಿಮ್ಮ ಬಾಯಿಂದ ಬರಬೇಕಾದದ್ದು ಒಂದೇ ಸಾಲು: ಇಂಥ ಮಿಲ್ಲಿನಲ್ಲಿ, ಕೆಲಸ ಮಾಡುವಾಗ, ಫೋರ್ಕ್‌ಲಿಫ್ಟ್ ಹಾಯ್ದು ಪೆಟ್ಟಾಯಿತು. ಜೊತೆಗಿದ್ದವರು ಅದನ್ನು ಬರೆದುಕೊಂಡರೋ ಇಲ್ಲವೋ ನೋಡಬೇಕು. ನಿಮಗೆ ಓದಲು ಬರದಿದ್ದರೆ ಕಾರ್ಡಿನ ಪೋಟೋ ತೆಗೆದು ಊರಿನ ಯಾವುದಾದರೂ ಓದಿದ ಹುಡುಗಿಗೆ ಕಳಿಸಿ. ಹತ್ತನೇ ತರಗತಿಯ ಮಕ್ಕಳೇ ಸಾಕು. ಗಾಡಿಯದ್ದೂ ಒಂದು ಪೋಟೋ ಇರಲಿ, ನೆಲದ ಮೇಲಿನ ರಕ್ತ ತೊಳೆಯುವುದಕ್ಕೆ ಮೊದಲು.

"ದವಾಖಾನಿ ಖರ್ಚೆಲ್ಲ ಸಾವ್ಕಾರ್ರೇ ಕೊಟ್ಟಾರ, ಮತ್ತೇನು ಕೇಳೋದು" ಅಂತ ಮುಜುಗರ ಪಡುವವರು ಬಹಳ. ನಮ್ಮ ಸೀಮೆಯ ಜನ ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವವರು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಚಿಕಿತ್ಸೆಯ ಖರ್ಚು ಪೂರ್ತಿ ಕೊಡುವುದು ಮಾಲೀಕನ ಕರ್ತವ್ಯ ಅಂತ ಕಾಯ್ದೆಯೇ ಹೇಳಿದೆ, ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ. ಹಾಸಿಗೆ ಹಿಡಿದ ದಿನಗಳಿಗೆ ಹದಿನೈದು ದಿನಕ್ಕೊಮ್ಮೆ, ತಿಂಗಳ ಪಗಾರದ ನೂರಕ್ಕೆ 25ರ ಲೆಕ್ಕದಲ್ಲಿ ಕೊಡಬೇಕು. ಅಂದರೆ ತಿಂಗಳಿಗೆ ಅರ್ಧ ಪಗಾರ. ಮೊದಲ ಮೂರು ದಿನ ಬಿಡುತ್ತಾರೆ. 28 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಆ ಮೂರು ದಿನವೂ ಸೇರುತ್ತದೆ. ಇದನ್ನು ಹಮಾಲಿಗೆ ಮಾಲೀಕ ತಾನಾಗಿ ಕೊಟ್ಟದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಕೆಲಸಕ್ಕೆ ಸೇರಿಸುವಾಗಲೇ, ಆಳಿಗೆ ತಿಳಿಯುವ ಭಾಷೆಯಲ್ಲಿ, ನಿನಗೆ ಪರಿಹಾರದ ಹಕ್ಕಿದೆ ಅಂತ ಬರೆದು ತಿಳಿಸಬೇಕು, ತಿಳಿಸದಿದ್ದರೆ 50,000ದಿಂದ 1,00,000 ರೂಪಾಯಿ ದಂಡ ಅಂತ 2017ರಲ್ಲಿ ಸೇರಿಸಿದರು. ನಿಮ್ಮಲ್ಲಿ ಯಾರಿಗಾದರೂ ಅಂಥ ಚೀಟಿ ಬಂದಿದ್ದರೆ ದಯವಿಟ್ಟು ನನಗೆ ತೋರಿಸಿ, ಫ್ರೇಮ್ ಹಾಕಿಸುತ್ತೇನೆ.

ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡು ಇದ್ದವರಿಗೆ ದಾರಿ ಬೇರೆ. ಅವರು ಈ ಅರ್ಜಿ ಹಾಕುವಂತಿಲ್ಲ, ಇಎಸ್ಐಯಿಂದಲೇ ಊನದ ಪಿಂಚಣಿ ಪಡೆಯಬೇಕು. ದೊಡ್ಡ ಕಾರ್ಖಾನೆಗೆ ಹೋಗುವವರು ಪಗಾರದಲ್ಲಿ ಇಎಸ್ಐ ಅಂತ ಮುರಿಯುತ್ತಾರೋ ಇಲ್ಲವೋ ನೋಡಿಕೊಳ್ಳಿ. ಹಾಗೆಯೇ ಗಾಡಿ ರಸ್ತೆಗೆ ಬಂದು ಹಾಯ್ದಿದ್ದರೆ ಮೋಟಾರು ವಾಹನ ನ್ಯಾಯಮಂಡಳಿಗೂ ಹೋಗಬಹುದು. ಕಾಂಪೌಂಡಿನೊಳಗೆ ಮಾತ್ರ ಓಡಲೆಂದು ಮಾಡಿದ ಗಾಡಿ ಮೋಟಾರು ವಾಹನವೇ ಅಲ್ಲ ಅನ್ನುವ ತಕರಾರು ಅಲ್ಲಿ ಬರುತ್ತದೆ. ಎರಡರಲ್ಲಿ ಒಂದನ್ನೇ ಹಿಡಿಯಬೇಕು. ಯಾವುದು ಅನ್ನುವುದನ್ನು ವಕೀಲರಿಗೇ ಬಿಡಿ.

ಕಾಲಿನ ಮಾತು ಇನ್ನೂ ಮುಗಿದಿಲ್ಲ. ಪಾದ ಜಜ್ಜಿದ್ದು ಅನುಸೂಚಿಯ ಪಟ್ಟಿಯಲ್ಲಿ ನೇರವಾಗಿ ಸಿಗುವುದಿಲ್ಲ, ಡಾಕ್ಟರು ಅಳೆದು ಹೇಳಬೇಕು. ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಇಡೀ ಮೈಗೆ ನೂರಕ್ಕೆ 15, 20 ಅಂತ. ಅದು ಮೈಯ ಊನ. ಕಾಯ್ದೆ ಕೇಳುವುದು ದುಡಿಮೆ ಎಷ್ಟು ಹೋಯಿತು ಅಂತ. ಕುರ್ಚಿಯ ಮೇಲೆ ಕೂತು ಬರೆಯುವ ನನ್ನಂಥವನ ಪಾದ ಜಜ್ಜಿದರೆ ನಾಳೆಯೂ ಟೈಪ್ ಮಾಡುತ್ತೇನೆ. 50 ಕಿಲೋ ಚೀಲ ಬೆನ್ನ ಮೇಲೆ ಹಾಕಿಕೊಂಡು ಹಲಗೆ ಏರುವವನ ಪಾದ ನೆಟ್ಟಗೆ ಊರದಿದ್ದರೆ ಅವನ ಹಮಾಲಿ ಕೆಲಸ ಅಲ್ಲಿಗೆ ತೀರಿತು. 1968ರಲ್ಲಿ ಒಡಿಶಾದ ಒಂದು ಸಿನಿಮಾ ಮಂದಿರದಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡ. ಒಂದು ಕೈ ಉಳಿದಿದೆಯಲ್ಲ, ಇದು ಅರೆ ಊನ ಅಂತ ಮಾಲೀಕರು ವಾದಿಸಿದರು. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನೂರಕ್ಕೆ ನೂರು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಅಂತ ವಕೀಲರಿಗೆ ಹೇಳಿದರೆ ಸಾಕು, ತಲೆಯಾಡಿಸುತ್ತಾರೆ. ಪರಿಹಾರ ಬಾಕಿಯಾಗುವುದು ತೀರ್ಪಿನ ದಿನದಿಂದಲ್ಲ, ಪೆಟ್ಟಾದ ದಿನದಿಂದ ಅಂತಲೂ ಅದೇ ತೀರ್ಪು. ನಮ್ಮ ರಾಜ್ಯದ್ದೇ ಇನ್ನೊಂದು: ಟ್ಯಾಂಕರ್ ಚಾಲಕನೊಬ್ಬನ ಬಲಗಾಲನ್ನು ಮೊಣಕಾಲಿಗೆ ಕತ್ತರಿಸಿದ್ದರು, ಹೈಕೋರ್ಟು ನೂರಕ್ಕೆ 65 ಅಂದಿತು, 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು 100ಕ್ಕೆ ಏರಿಸಿತು. ಡಾಕ್ಟರ ಮುಂದೆ ಹೋದಾಗ ಎಕ್ಸ್‌ರೇ ಮಾತ್ರ ತೋರಿಸಬೇಡಿ, ಏನು ಕೆಲಸ ಮಾಡುತ್ತಿದ್ದಿರಿ ಅಂತ ಬಾಯಿಬಿಟ್ಟು ಹೇಳಿ.

ಇದೆಲ್ಲ ಹೇಳಿ ನಿಮ್ಮನ್ನು ಹುರಿದುಂಬಿಸಿ ಕೋರ್ಟಿಗೆ ನೂಕುತ್ತಿದ್ದಾನೆ ಅನ್ನಬೇಡಿ. ಕೋರ್ಟಿನ ಎದುರಿಗೆ ಕೂತವನಿಗೆ ಕೋರ್ಟಿನ ಗತಿ ಗೊತ್ತು. ಮೂರು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಅಂತ ಕಾಯ್ದೆಯಲ್ಲಿದೆ. ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಗೆದ್ದರೆ ವಿಮಾ ಕಂಪನಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. ಆದರೆ ಎರಡು ಮಾತು ನಿಮ್ಮ ಕಡೆಗಿವೆ. ಪೆಟ್ಟಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಸೇರುತ್ತಾ ಹೋಗುತ್ತದೆ. 6,63,012ಕ್ಕೆ ವರ್ಷದ ಬಡ್ಡಿಯೇ 79,561. ತಕ್ಕ ಕಾರಣವಿಲ್ಲದೆ ತಡೆದರೆ ಅಸಲಿನ ಅರ್ಧದ ತನಕ ದಂಡ ಹಾಕಬಹುದು, ಆ ದಂಡ ವಿಮಾ ಕಂಪನಿಗಲ್ಲ, ಮಾಲೀಕನ ಜೇಬಿಗೆ. ಎರಡನೆಯದು, ಮಾಲೀಕ ಮೇಲ್ಮನವಿ ಹಾಕಬೇಕಾದರೆ ಪೂರ್ತಿ ಮೊತ್ತ ಮೊದಲು ಜಮಾ ಮಾಡಬೇಕು. ವಕೀಲರ ಫೀಜಿಗೆ ಹೆದರುವವರು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವೆಗಳ ಕಚೇರಿಗೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ವರಮಾನ ಕಡಿಮೆ ಇದ್ದವರಿಗೆ ಅಲ್ಲಿ ವಕೀಲರನ್ನು ಬಿಟ್ಟಿ ಕೊಡುತ್ತಾರೆ. ಫೋನು 15100.

ಬೆಂಗಳೂರಿನ ಸುತ್ತಲ ಗೋದಾಮುಗಳಲ್ಲಿ, ಪುಣೆಯ ಕಾರ್ಖಾನೆಗಳಲ್ಲಿ ಇರುವ ಹುಡುಗರಿಗೆ ಒಂದು ಮಾತು ಪ್ರತ್ಯೇಕ ಹೇಳಬೇಕು. ನೀವು ಅಲ್ಲಿ ಪೆಟ್ಟು ತಿಂದು, ಎರಡು ವಾರ ಯಾವುದೋ ಶೆಡ್ಡಿನಲ್ಲಿ ಮಲಗಿ, ಆಮೇಲೆ ಕಾಲು ಎಳೆದುಕೊಂಡು ರೈಲು ಹತ್ತಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುತ್ತೀರಿ. ಅಲ್ಲಿಯ ಕೋರ್ಟಿಗೆ ಯಾರು ಓಡಾಡುತ್ತಾರೆ ಅಂತ ಕೈಬಿಡುತ್ತೀರಿ. ಬಿಡಬೇಡಿ. ಪೆಟ್ಟಾದ ಊರಿನಲ್ಲೇ ಅರ್ಜಿ ಹಾಕಬೇಕಿಲ್ಲ, ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಈ ಅರ್ಜಿಗಳನ್ನು ನಡೆಸುತ್ತಾ ಬಂದಿದ್ದಾರೆ. ಬೆಂಗಳೂರಿನ ಕಂಪನಿಯ ವಕೀಲರು ಬಿಸಿಲಿನಲ್ಲಿ ಬಸ್ಸು ಹತ್ತಿ ಸುರಪುರದ ಗುಡ್ಡ ಏರಿ ಬರಲಿ, ನಮ್ಮ ಊರೂ ನೋಡಿದಂತಾಗುತ್ತದೆ.

ಸರ್ಕಾರದ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಅಂತ ಯೋಜನೆಯೊಂದಿದೆ, ಹಮಾಲಿಗಳು ಅದರಲ್ಲಿ ಬರುತ್ತಾರೆ. ಕಾರ್ಮಿಕ ಇಲಾಖೆಯಲ್ಲಿ ಹೆಸರು ಬರೆಸಿ ಸ್ಮಾರ್ಟ್ ಕಾರ್ಡು ಮಾಡಿಸಿಕೊಂಡರೆ ಅಪಘಾತದಲ್ಲಿ ಸತ್ತರೆ 1 ಲಕ್ಷ, ಊನವಾದರೆ 1 ಲಕ್ಷದ ತನಕ. ಮಾಡಿಸಿಕೊಳ್ಳಿ. ಆದರೆ ಅದು ಮಾಲೀಕ ಕೊಡಬೇಕಾದದ್ದಕ್ಕೆ ಬದಲಿಯಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಮಗ್ಗುಲ ಮಹಾರಾಷ್ಟ್ರದಲ್ಲಿ 1969ರಷ್ಟು ಹಿಂದೆಯೇ ಮಾಥಾಡಿ ಹಮಾಲರಿಗೆ ಬೇರೆಯೇ ಕಾಯ್ದೆ ಆಯಿತು. ಅಣ್ಣಾಸಾಹೇಬ್ ಪಾಟೀಲರು ಕಟ್ಟಿದ ಸಂಘದ ಬಲದಿಂದ ಬಂದದ್ದು. ಅಲ್ಲಿ ಹಮಾಲನ ಹೆಸರು ಮಂಡಳಿಯ ದಫ್ತರಿನಲ್ಲಿರುತ್ತದೆ, ವ್ಯಾಪಾರಿ ಕೂಲಿಯ ಜೊತೆಗೆ ಇಂತಿಷ್ಟು ಅಂತ ಮಂಡಳಿಗೆ ಕಟ್ಟುತ್ತಾನೆ. ಆಮೇಲೆ ಕೇರಳವೂ ತಲೆಹೊರೆ ಕೆಲಸಗಾರರಿಗೆ ಕಾಯ್ದೆ ಮಾಡಿತು. ಸೋಲಾಪುರದ ಹಮಾಲನಿಗೂ ಶಹಾಪುರದ ಹಮಾಲಿಗೂ ಚೀಲದ ತೂಕ ಒಂದೇ.

ಮುಕಾದಮರೇ, ನಿಮಗೂ ಎರಡು ಮಾತು. ನೀವೂ ಒಂದು ಕಾಲಕ್ಕೆ ಚೀಲ ಹೊತ್ತವರೇ. ಗ್ಯಾಂಗಿನವನ ಕಾಲು ಜಜ್ಜಿದಾಗ ಮಾಲೀಕನ ಪರವಾಗಿ ಸ್ಟಾಂಪ್ ಪೇಪರು ಹಿಡಿದು ಬರುವ ಬದಲು ಸಾಕ್ಷಿ ಹೇಳಲು ಬನ್ನಿ. ಮಿಲ್ಲಿನ ಮಾಲೀಕರೇ, ಆಳುಗಳಿಗೆಂದು ತೆಗೆಸುವ ವಿಮೆಯ ಕಂತು ಎಷ್ಟು ಅಂತ ನಿಮ್ಮ ಗುಮಾಸ್ತನನ್ನೇ ಕೇಳಿ. ಫೋರ್ಕ್‌ಲಿಫ್ಟಿಗೆ ಹಾಕಿಸುವ ಡೀಸೆಲ್ಲಿನ ಲೆಕ್ಕದ ಮುಂದೆ ಅದು ಯಾವ ಮೂಲೆಗೆ. ಗೋಡೌನಿಗೆ ಇನ್ನೆರಡು ಬಲ್ಬು ಹಾಕಿಸಿ. ಗಾಡಿ ಹೋಗುವ ದಾರಿಗೆ ಹಳದಿ ಗೆರೆ ಎಳೆಸಿ, ಅದರೊಳಗೆ ಮನುಷ್ಯರು ನಡೆಯದ ಹಾಗೆ ನೋಡಿಕೊಳ್ಳಿ.

ಕೊನೆಗೆ ಅವನ ಸುದ್ದಿ. ಅವನ ಮನೆ ಹುಡುಕಿಕೊಂಡು ಹೋಗಬೇಕು ಅಂತ ಅಂದುಕೊಂಡೇ ದಿನ ದೂಡಿದೆ, ನಾಚಿಕೆಯಾಗುತ್ತಿತ್ತು. ಕಡೆಗೂ ಹೋದದ್ದು ಎರಡು ವರ್ಷ ತುಂಬಲು ಹನ್ನೊಂದು ದಿನ ಇರುವಾಗ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಪಾದ ಒಳಕ್ಕೆ ತಿರುಚಿಕೊಂಡಿದೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಹೆಂಡತಿ ಹತ್ತಿ ಬಿಡಿಸಲು ಹೋಗಿದ್ದಳು. ನಾನು ಲೆಕ್ಕ ಹೇಳಿದೆ. ಅವನು ನಂಬಲಿಲ್ಲ. "ನೀವೇ ಬರದೀರಲ್ರಿ, ಕೋರ್ಟಿಗೆ ಹೋಗಂಗಿಲ್ಲ ಅಂತ" ಅಂದ. ಹೌದಪ್ಪ, ನಾನೇ ಬರೆದೆ, ಅದು ನಡೆಯುವುದಿಲ್ಲ ಅಂತ ಈಗ ನಾನೇ ಹೇಳಲು ಬಂದಿದ್ದೇನೆ ಅಂದೆ. ಬಹಳ ಹೊತ್ತು ಸುಮ್ಮನಿದ್ದು ಒಳಗೆ ಕೈ ತೋರಿಸಿದ. ಜಂತಿಗೆ ಸಿಕ್ಕಿಸಿದ್ದ ಕ್ಯಾರಿಬ್ಯಾಗಿನಲ್ಲಿ ಎಕ್ಸ್‌ರೇ, ಬಿಲ್ಲು, ಬೈಕಿನಿಂದ ಬಿದ್ದ ಅನ್ನುವ ಆ ಕಾರ್ಡು, ಎಲ್ಲ ಇದ್ದವು. ಅವನ ಅಳಿಯನ ಫೋನಿನಲ್ಲಿ ಆ ರಾತ್ರಿಯ ಒಂದು ಪೋಟೋ ಸಿಕ್ಕಿತು: ಬೇಲುಗಳ ಥಪ್ಪಿ, ಹಿಂದೆ ಗಾಡಿಯ ಅರ್ಧ ಮೈ, ನೆಲದ ಮೇಲೆ ಇವನು.

ಅರ್ಜಿಯನ್ನು ನಾನೇ ಟೈಪ್ ಮಾಡಿದೆ, ವಕೀಲರು ತಿದ್ದಿದರು, ಒಂಬತ್ತನೇ ದಿನಕ್ಕೆ ದಾಖಲಾಯಿತು. ಹೆಬ್ಬೆಟ್ಟಿಗೆ ಈ ಸಲವೂ ಮೂರು ಸಲ ಒರೆಸಬೇಕಾಯಿತು. ಕೇಸು ನಡೆಯುತ್ತಿದೆ, ಬೈಕಿನ ಮಾತು ಇನ್ನೂ ಪಾಟೀಸವಾಲಿಗೆ ಬಂದಿಲ್ಲ. ಆ ರಾಜಿ ಪತ್ರ ಟೈಪ್ ಮಾಡಿದವನು ಸಾಕ್ಷಿಗೆ ಬರಬೇಕಾದೀತು ಅಂತ ವಕೀಲರು ಹೇಳಿದ್ದಾರೆ. ಬರುತ್ತೇನೆ ಅಂದಿದ್ದೇನೆ.

ನಿಮ್ಮಲ್ಲಿ ಯಾರ ಮನೆಯ ಜಂತಿಯಲ್ಲಾದರೂ ಇಂಥ ಚೀಲ ಇದ್ದರೆ ಇಳಿಸಿ, ಮೊದಲು ತಾರೀಖು ನೋಡಿ. ನಾನು ಬೆಳಿಗ್ಗೆ ಹತ್ತಕ್ಕೆ ಟೇಬಲ್ ಹಾಕುತ್ತೇನೆ, ಬೇವಿನ ಮರದ ನೆರಳು ಸರಿಯುವ ತನಕ ಇರುತ್ತೇನೆ.

ಇಂತಿ ನಿಮ್ಮವ,
ಕೋರ್ಟಿನ ಎದುರಿನ ಟೈಪಿಸ್ಟ್